ಕಬ್ಬಿಣ ನೋಡುತ್ತೀರಿ, ಆಟದ ಒಳಗಿನ ಗೊಂಬೆಗಳನ್ನೂ ನೋಡಿ

ಹಾಸನ ಜಿಲ್ಲೆಯ ಜಾತ್ರೆ, ವಸ್ತುಪ್ರದರ್ಶನಗಳಿಗೆ ಅನುಮತಿ ಕೊಡುವ ಅಧಿಕಾರಿಗಳಿಗೆ, ಜಾತ್ರಾ ಸಮಿತಿಯವರಿಗೆ, ಆಟಗಳನ್ನು ತಂದು ಕಟ್ಟುವ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೈದಾನದಲ್ಲಿ ಜೈಂಟ್ ವೀಲ್ ಎದ್ದು ನಿಲ್ಲುವ ಹೊತ್ತಿಗೆ ನಿಮ್ಮ ಕಡೆಯವರು ಬಂದು ನೋಡುತ್ತಾರೆ. ಬೋಲ್ಟು ಬಿಗಿಯಾಗಿದೆಯಾ, ವೆಲ್ಡಿಂಗ್ ಬಿಟ್ಟಿದೆಯಾ, ಜನರೇಟರ್ ವೈರು ಎಲ್ಲಿ ಹಾದುಹೋಗಿದೆ, ಬೆಂಕಿ ಬಿದ್ದರೆ ಜನ ಹೊರಗೆ ಬರೋಕೆ ದಾರಿ ಇದೆಯಾ. ಇಂಜಿನಿಯರ್ ಸಹಿ ಬೇಕು, ವೈರಿಂಗ್ ನೋಡುವವರ ಸಹಿ ಬೇಕು, ಅಗ್ನಿಶಾಮಕದವರದ್ದು ಬೇಕು, ಪೊಲೀಸರದ್ದು ಬೇಕು. ಇದೆಲ್ಲ ಇರಲೇಬೇಕು. ಮಕ್ಕಳ ಜೀವದ ವಿಷಯ, ಇನ್ನೂ ಬಿಗಿ ಮಾಡಿದರೂ ಒಳ್ಳೆಯದೇ.

ಆದರೆ ಆ ಆಟದ ಒಳಗೆ ಏನು ತೋರಿಸುತ್ತಾರೆ ಅಂತ ಯಾರೂ ನೋಡುವುದಿಲ್ಲ. ತಗಡಿನ ಶೆಡ್ಡಿನ ಕತ್ತಲಲ್ಲಿ ಎಂಥ ಗೊಂಬೆ ನಿಂತಿದೆ, ಹೊರಗಿನ ಫ್ಲೆಕ್ಸಿನಲ್ಲಿ ಯಾರ ಚಿತ್ರ ಇದೆ, ಮೈಕಿನಲ್ಲಿ ಯಾರನ್ನು ಏನಂತ ಕೂಗಿ ಜನ ಸೇರಿಸುತ್ತಾರೆ, ಇದನ್ನು ಕೇಳುವ ಕಾಗದ ನಿಮ್ಮ ಫೈಲಿನಲ್ಲಿ ಇಲ್ಲ. ಅದನ್ನೂ ನೋಡಿ ಅಂತ ಕೇಳಿಕೊಳ್ಳೋಕೆ ಈ ಪತ್ರ ಬರೆಯುತ್ತಿದ್ದೇನೆ. ಆಟ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಆಟ ಇರಲಿ, ಗೊಂಬೆಗಳು ಬದಲಾಗಲಿ.

ನಾನು ಬೇಲೂರು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಎಂಟನೇ ಕ್ಲಾಸಿನ ಮಕ್ಕಳನ್ನು ಒಮ್ಮೆ ಎಕ್ಸಿಬಿಷನ್‌ಗೆ ಕರೆದುಕೊಂಡು ಹೋಗಿದ್ದೆವು. ಕೊಲಂಬಸ್ ಹತ್ತಿ ಇಳಿದು, ಕಪ್ ಸಾಸರ್‌ನಲ್ಲಿ ತಿರುಗಿ, ದೆಹಲಿ ಅಪ್ಪಳ ತಿಂದು, ಕೊನೆಗೆ ಎಲ್ಲರೂ ಕಾಡಿನ ರೈಲು ಅಂತ ಬರೆದಿದ್ದ ಒಂದು ಶೆಡ್ಡಿನ ಮುಂದೆ ನಿಂತರು. ಹೊರಗೆ ಮೈಕು ಹಿಡಿದವನು ಒಂದೇ ಸಮ ಕೂಗುತ್ತಿದ್ದ: "ಬನ್ನಿ ಬನ್ನಿ, ಮನುಷ್ಯರನ್ನೇ ತಿನ್ನೋ ಕಾಡು ಮನುಷ್ಯರನ್ನ ಕಣ್ಣಾರೆ ನೋಡಿ."

ಒಳಗೆ ಸಣ್ಣ ಹಳಿ, ನಾಲ್ಕು ಜನ ಕೂರುವ ಡಬ್ಬಿ. ತಿರುವಿನಲ್ಲಿ ಡಬ್ಬಿ ಬಂದು ತಾಗಿದಾಗ ದೀಪ ಹತ್ತಿ ಗೊಂಬೆಗಳು ಅಲ್ಲಾಡುತ್ತವೆ. ಗೊಂಬೆಗಳ ಮೈಗೆಲ್ಲ ಹೊಳೆಯುವ ಕಪ್ಪು ಪೇಂಟು. ತುಟಿ ಕೆಂಪಗೆ, ಮುಖದ ಅರ್ಧ ಭಾಗ ಬರೀ ತುಟಿ. ಮೂಗಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಮೂಳೆ. ಸೊಂಟಕ್ಕೆ ಹರಿದ ಗೋಣಿ ಚೀಲ. ಕೈಯಲ್ಲಿ ಭರ್ಜಿ. ನಡುವೆ ಒಂದು ಹಂಡೆ, ಹಂಡೆಯಲ್ಲಿ ಟೋಪಿ ಹಾಕಿದ ಬಿಳಿ ಮನುಷ್ಯ. ಹಿಂದಿನಿಂದ ರೆಕಾರ್ಡ್ ಮಾಡಿದ "ಹೂ ಹೂ" ಅನ್ನುವ ಕೂಗು. ಕೊನೆಯಲ್ಲಿ ಒಂದು ಹೆಂಗಸಿನ ಗೊಂಬೆ, ಕೊರಳ ತುಂಬ ಮಣಿಸರ, ಕಂಕುಳಲ್ಲಿ ಕೂಸು, ಬಾಯಲ್ಲಿ ಕೈ ಬೆರಳುಗಳು.

ಹೊರಗೆ ಬಂದಾಗ ನಮ್ಮ ಹುಡುಗ ಒಬ್ಬ ಪಕ್ಕದ ಹುಡುಗಿಗೆ ಹೇಳಿದ: "ನಿಮ್ಮೋರು ಒಳಗವ್ರೆ ಕಣೇ, ಮಾತಾಡಿಸ್ಕೊಂಡ್ ಬಾ." ಆ ಹುಡುಗಿ, ಹಿಂದೆ ಹಕ್ಕಿ ಹಿಡಿದು ಊರೂರು ಅಲೆಯುತ್ತಿದ್ದ ಹಕ್ಕಿಪಿಕ್ಕಿ ಬುಡಕಟ್ಟಿನ ಕುಟುಂಬದವಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಬಸ್ಸು ಹತ್ತುವವರೆಗೂ ಅವಳು ಕೊರಳಿನ ಮಣಿಸರವನ್ನು ಯೂನಿಫಾರ್ಮ್ ಒಳಗೆ ತಳ್ಳಿಕೊಂಡೇ ಇದ್ದಳು. ಮಾರನೇ ದಿನ ಅದನ್ನು ಹಾಕಿಕೊಂಡು ಬರಲಿಲ್ಲ.

ಆ ಹುಡುಗನಿಗೆ ನಾನು ಬೈಯಬಹುದು, ಬೈದೆ ಕೂಡ. ಆದರೆ ಅವನು ಹೇಳಿದ್ದನ್ನು ಅವನಿಗೆ ಕಲಿಸಿದ್ದು ಆ ಶೆಡ್ಡು. ಕಾಡಿಗೆ ಸಂಬಂಧಪಟ್ಟವರು ಅಂದರೆ ಹೀಗಿರುತ್ತಾರೆ ಅಂತ ದುಡ್ಡು ಇಸಕೊಂಡು ತೋರಿಸಿದ್ದು ಆ ಶೆಡ್ಡು. ಪಕ್ಕದ ಬೆಂಚಿನವಳ ಜೊತೆ ಅದನ್ನು ಜೋಡಿಸಲು ಅವನಿಗೆ ಒಂದು ಕ್ಷಣ ಸಾಕಾಯಿತು.

ನಮ್ಮ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿಗಳು ನೆಲೆ ನಿಂತು ಎಷ್ಟೋ ಕಾಲವಾಯಿತು. ಮನೆಯಲ್ಲಿ ಅವರದೇ ಮಾತು ವಾಗ್ರಿ, ಹೊರಗೆ ಕನ್ನಡ, ವ್ಯಾಪಾರಕ್ಕೆ ಹಿಂದಿ, ಬೇಕಾದರೆ ಇನ್ನೂ ಒಂದೆರಡು ಭಾಷೆ. ತಲೆಗೂದಲಿನ ಎಣ್ಣೆ ಕಾಯಿಸಿ ದೇಶವೆಲ್ಲ ಮಾರುತ್ತಾರೆ. 2023ರಲ್ಲಿ ಸೂಡಾನಿನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಹಾಕಿಕೊಂಡ ಸುದ್ದಿ ನೀವೂ ಓದಿರುತ್ತೀರಿ. ಆಪರೇಷನ್ ಕಾವೇರಿ ಅಂತ ಹೆಸರಿಟ್ಟು ಅವರನ್ನೂ ಉಳಿದ ಭಾರತೀಯರನ್ನೂ ಕರೆತಂದರು. ನಮ್ಮಲ್ಲಿ ಎಷ್ಟೋ ಜನರಿಗೆ ಪಾಸ್‌ಪೋರ್ಟ್ ಇಲ್ಲ. ಅವರು ಆಫ್ರಿಕಾದ ಪೇಟೆಗಳಲ್ಲಿ ವ್ಯಾಪಾರ ಮಾಡಿ ಬಂದವರು. ಅಂಥವರ ಮಗಳಿಗೆ ನಾವು ಗೋಣಿಚೀಲ ಸುತ್ತಿದ ಗೊಂಬೆ ತೋರಿಸಿ ನಗುತ್ತೇವೆ.

ಆ ಗೊಂಬೆಗೆ ಮಾದರಿ ಆಫ್ರಿಕಾದವರು, ನಮ್ಮವರಲ್ಲ ಅಂತ ಒಬ್ಬ ಮಾಲೀಕರು ನನಗೆ ಹೇಳಿದರು. ಇರಬಹುದು. ಹಾಗಾದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು ಯಾರು? ಆಫ್ರಿಕಾ ಮೂಲದ ಅವರು ತಲೆತಲಾಂತರದಿಂದ ಉತ್ತರ ಕನ್ನಡದಲ್ಲಿ ಬದುಕುತ್ತಿರುವವರು. ಅವರ ಮಗು ನಮ್ಮ ಜಾತ್ರೆಗೆ ಬಂದರೆ ಆ ಡಬ್ಬಿಯಲ್ಲಿ ಎಲ್ಲಿ ಕೂರಬೇಕು? ಬೆಂಗಳೂರಿಗೆ ಓದಲು ಬಂದ ಆಫ್ರಿಕಾದ ಹುಡುಗರು ವಾರದ ಕೊನೆಗೆ ಬೇಲೂರು, ಹಳೇಬೀಡು ನೋಡಲು ಬಂದರೆ? ಯಾರನ್ನಾದರೂ ಮನುಷ್ಯರನ್ನು ತಿನ್ನುವವರು ಅಂತ ತೋರಿಸಿ, ಅದು ನೀವಲ್ಲ ಬಿಡಿ ಅನ್ನುವುದು ಸಮಾಧಾನ ಆಗುವುದಿಲ್ಲ.

ಈ ಗೊಂಬೆ ಹುಟ್ಟಿದ್ದು ನಮ್ಮ ಜಾತ್ರೆಯಲ್ಲಿ ಅಲ್ಲ. ಯುರೋಪು, ಅಮೆರಿಕದ ದೊಡ್ಡ ದೊಡ್ಡ ಪ್ರದರ್ಶನಗಳಲ್ಲಿ ಒಂದು ಕಾಲಕ್ಕೆ ಗೊಂಬೆಗಳನ್ನಲ್ಲ, ಜೀವಂತ ಮನುಷ್ಯರನ್ನೇ ಬೇಲಿಯ ಒಳಗೆ ಇಟ್ಟು ತೋರಿಸುತ್ತಿದ್ದರು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೇಳದಲ್ಲಿ ಫಿಲಿಪ್ಪೀನ್ಸಿನ ಬುಡಕಟ್ಟಿನವರನ್ನು ಕರೆತಂದು ಹಳ್ಳಿ ಹಾಕಿ ಕೂರಿಸಿದ್ದರು. 1906ರಲ್ಲಿ ಕಾಂಗೋದ ಓಟಾ ಬೆಂಗಾ ಅನ್ನುವ ಯುವಕನನ್ನು ನ್ಯೂಯಾರ್ಕಿನ ಮೃಗಾಲಯದಲ್ಲಿ ಕೋತಿಗಳ ಮನೆಯಲ್ಲಿ ಇಟ್ಟು ತೋರಿಸಿದರು. 1958ರಲ್ಲಿ, ಅಂದರೆ ನಮಗೆ ಸ್ವಾತಂತ್ರ್ಯ ಬಂದು ಹನ್ನೊಂದು ವರ್ಷ ಆದಮೇಲೆ, ಬ್ರಸೆಲ್ಸ್ ಮೇಳದಲ್ಲಿ ಕಾಂಗೋದ ಜನರ ಹಳ್ಳಿ ಮಾಡಿ ಬಿದಿರು ಬೇಲಿಯ ಆಚೆಯಿಂದ ನೋಡುತ್ತಿದ್ದರು. ಆ ಜನರ ದೇಶಗಳನ್ನು ಹಿಡಿದಿಟ್ಟುಕೊಂಡಿದ್ದವರಿಗೆ ಇವರು ಕಾಡುಜನ ಅಂತ ತೋರಿಸುವುದು ಬೇಕಾಗಿತ್ತು. ಹಂಡೆ, ಮೂಳೆ, ಭರ್ಜಿಯ ಚಿತ್ರಗಳು ಕಾರ್ಟೂನಿಗೆ, ಸಿನಿಮಾಕ್ಕೆ, ಆಟಗಳಿಗೆ ಹಬ್ಬಿದ್ದು ಅದೇ ಕಾಲದಲ್ಲಿ. ಅಲ್ಲಿಂದ ನಮ್ಮ ಸಿನಿಮಾಗಳಿಗೆ ಬಂದವು, ಆಮೇಲೆ ನಮ್ಮ ತಗಡಿನ ಶೆಡ್ಡಿಗೂ ಬಂದವು. ನಮ್ಮನ್ನು ಆಳಿದವರೂ ಹಕ್ಕಿ ಹಿಡಿಯುವವರು, ಊರೂರು ಅಲೆಯುವವರು ಅಂತ ಎಷ್ಟೋ ಜನರನ್ನು 1871ರ ಕಾಯ್ದೆಯಲ್ಲಿ ಹುಟ್ಟಿನಿಂದಲೇ ಅಪರಾಧಿಗಳು ಅಂತ ಬರೆದಿಟ್ಟಿದ್ದರು. ಆ ಕಾಯ್ದೆಯನ್ನು 1952ರಲ್ಲಿ ನಾವೇ ತೆಗೆದುಹಾಕಿದೆವು. ಗೊಂಬೆಗಳನ್ನು ಮಾತ್ರ ಹಾಗೇ ಇಟ್ಟುಕೊಂಡಿದ್ದೇವೆ.

2012ರಲ್ಲಿ ಅಂಡಮಾನಿನ ಜಾರವಾ ಬುಡಕಟ್ಟಿನ ಹೆಣ್ಣುಮಕ್ಕಳನ್ನು ಪ್ರವಾಸಿಗರ ಮುಂದೆ ಕುಣಿಸಿದ ವಿಡಿಯೋ ಹೊರಬಂದಾಗ ಇಡೀ ದೇಶ ತಲೆ ತಗ್ಗಿಸಿತು. ಜೀಪಿನ ಕಿಟಕಿಯಿಂದ ಮನುಷ್ಯರನ್ನು ಪ್ರಾಣಿಗಳ ಹಾಗೆ ನೋಡುವ ಆಸೆ ಎಲ್ಲಿಂದ ಬರುತ್ತದೆ? ಚಿಕ್ಕಂದಿನಲ್ಲಿ ಇಂಥ ಡಬ್ಬಿಗಳಲ್ಲಿ ಕೂತು ಕಲಿತದ್ದೂ ಅದರಲ್ಲಿ ಇರುತ್ತದೆ ಅಂತ ನನ್ನ ನಂಬಿಕೆ.

ಈಗ ಒಳ್ಳೆಯ ಸುದ್ದಿಗೆ ಬರುತ್ತೇನೆ. ಇಂಥ ಆಟಗಳನ್ನು ಮೊದಲು ಕಟ್ಟಿದ ದೇಶಗಳೇ ಅವುಗಳನ್ನು ಬದಲಿಸುತ್ತಿವೆ. ಆಟ ಮುಚ್ಚದೆ ಬದಲಿಸುತ್ತಿವೆ. ಹೇಗೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮಾಲೀಕರಿಗೆ ಬೇಕಾದ್ದು ಇದರಲ್ಲೇ ಇದೆ.

ನೆದರ್‌ಲ್ಯಾಂಡ್ಸಿನಲ್ಲಿ ಎಫ್ಟೆಲಿಂಗ್ ಅಂತ ಬಹಳ ಹಳೆಯ ಪಾರ್ಕ್ ಇದೆ. ಅಲ್ಲಿ 1988ರಲ್ಲಿ ನಮ್ಮ ಕಪ್ ಸಾಸರ್ ಥರದ್ದೇ ಒಂದು ಆಟ ಬಂತು. ಕಪ್ ಸಾಸರ್‌ಗಳ ಬದಲು ಅಡುಗೆ ಹಂಡೆಗಳು, ಜನ ಅದರಲ್ಲಿ ಕೂತು ಗಿರಗಿರ ತಿರುಗಬೇಕು. ನಟ್ಟನಡುವೆ ನರಭಕ್ಷಕ ಅಡುಗೆಯವನ ದೊಡ್ಡ ಗೊಂಬೆ. ನಾನು ಮೇಲೆ ಹೇಳಿದ ಗೊಂಬೆಯ ಅಣ್ಣ ಅನ್ನಬಹುದು. ವರ್ಷಗಟ್ಟಲೆ ಜನ ಆಕ್ಷೇಪ ಹೇಳಿದರು. 2021ರಲ್ಲಿ ಅದೇ ಆಟವನ್ನು ಸಿಂದಬಾದ್ ನಾವಿಕನ ಕಥೆಗೆ ತಿರುಗಿಸಿದರು. ತಿರುಗುವ ಖುಷಿ ಹಾಗೇ ಇದೆ. ತಲೆ ಸುತ್ತುವುದೂ ಹಾಗೇ ಇದೆ. ಮಕ್ಕಳು ಅಲ್ಲಿಗೆ ಹೋಗುವುದು ತಿರುಗೋಕೆ ತಾನೆ?

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಜಂಗಲ್ ಕ್ರೂಸ್ ಅಂತ ದೋಣಿ ಆಟ ಇದೆ. 1955ರಲ್ಲಿ ಪಾರ್ಕ್ ಶುರುವಾದ ದಿನದಿಂದ ಇರುವಂಥದ್ದು. ಅದರಲ್ಲಿ ಭರ್ಜಿ ಹಿಡಿದ ಕಾಡುಜನ ಇದ್ದರು, ತಲೆಬುರುಡೆ ಮಾರುವ ವ್ಯಾಪಾರಿ ಒಬ್ಬ ಇದ್ದ. ಘೇಂಡಾಮೃಗಕ್ಕೆ ಹೆದರಿ ಕಂಬ ಹತ್ತಿದವರ ಒಂದು ದೃಶ್ಯ ಇತ್ತು. ಕಂಬದ ತುದಿಯಲ್ಲಿ ಬಿಳಿ ಸಾಹೇಬ, ಅವನ ಕೆಳಗೆ ಕಪ್ಪು ಕೂಲಿಗಳು. 2021ರಲ್ಲಿ ಇವನ್ನೆಲ್ಲ ಬದಲಿಸಿದರು. ಕಂಬ ಅಲ್ಲೇ ಇದೆ, ಘೇಂಡಾಮೃಗವೂ ಅಲ್ಲೇ ಇದೆ. ಕಂಬಕ್ಕೆ ಜೋತುಬಿದ್ದವರು ಈಗ ಬೇರೆ ಬೇರೆ ದೇಶಗಳಿಂದ ಬಂದ ಅನ್ವೇಷಕರು. ನಗು ಕಡಿಮೆಯಾಗಲಿಲ್ಲ, ಯಾರನ್ನು ನೋಡಿ ನಗುತ್ತೇವೆ ಅನ್ನುವುದು ಬದಲಾಯಿತು.

ಹಳೆಯದನ್ನು ಕೆಡಿಸಿದರು ಅಂತ ಆಗ ಬಹಳ ಜನ ಸಿಟ್ಟಾದರು. ಆದರೆ ಆ ತಮಾಷೆ ದೃಶ್ಯಗಳೇ ಮೊದಲು ಇರಲಿಲ್ಲ. ಶುರುವಿನಲ್ಲಿ ಆ ದೋಣಿ ಆಟ ಕಾಡಿನ ಬಗ್ಗೆ ಗಂಭೀರವಾಗಿ ಹೇಳುವಂಥದ್ದಾಗಿತ್ತು. 1960ರ ದಶಕದಲ್ಲಿ ಮಾರ್ಕ್ ಡೇವಿಸ್ ಅನ್ನುವ ಕಲಾವಿದರು ಬಂದು ತಮಾಷೆ ಸೇರಿಸಿದರು. ಅಂದರೆ ಕಾಪಾಡಿ ಅಂತ ಜನ ಕೇಳುತ್ತಿದ್ದ ಹಳೆಯದು ಕೂಡ ಒಂದು ಬದಲಾವಣೆಯೇ.

ಅದೇ ಡಿಸ್ನಿಲ್ಯಾಂಡಿನ ಕಡಲ್ಗಳ್ಳರ ದೋಣಿ ಆಟದ್ದು ಇನ್ನೊಂದು ಕಥೆ. 1967ರಲ್ಲಿ ಶುರುವಾದ ಆ ಆಟದಲ್ಲಿ ಹೆಂಗಸರನ್ನು ಹಗ್ಗ ಕಟ್ಟಿ ಸಾಲಾಗಿ ನಿಲ್ಲಿಸಿ ಹರಾಜು ಹಾಕುವ ದೃಶ್ಯ ಇತ್ತು. ಅದನ್ನು ನೋಡಿ ಕುಟುಂಬ ಸಮೇತ ನಗಬೇಕಿತ್ತು. 2018ರಲ್ಲಿ ಅದನ್ನು ತೆಗೆದು, ಊರಿನವರಿಂದ ದೋಚಿದ ಸಾಮಾನುಗಳ ಹರಾಜು ಮಾಡಿದರು. ಹರಾಜಿಗೆ ನಿಂತಿದ್ದ ಕೆಂಪು ಕೂದಲಿನ ಹೆಂಗಸು ಈಗ ತಾನೇ ಕಡಲ್ಗಳ್ಳಿ, ಕೈಯಲ್ಲಿ ಬಂದೂಕು. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಜಾಣ ಬದಲಾವಣೆ. ಗೊಂಬೆಯನ್ನು ಎಸೆಯಲಿಲ್ಲ, ಅವಳಿಗೆ ಬೇರೆ ಪಾತ್ರ ಕೊಟ್ಟರು.

ಡಿಸ್ನಿಯವರದೇ ಸ್ಪ್ಲಾಶ್ ಮೌಂಟನ್ ಅಂತ ನೀರಿಗೆ ಜಾರುವ ಬೆಟ್ಟದ ಆಟ 1989ರಿಂದ ಇತ್ತು. ಅದರ ಕಥೆಯನ್ನು 1946ರ ಒಂದು ಸಿನಿಮಾದಿಂದ ತೆಗೆದುಕೊಂಡಿದ್ದರು. ಗುಲಾಮಗಿರಿ ಮುಗಿದ ಮೇಲೂ ತೋಟದಲ್ಲಿ ದುಡಿಯುವ ಕಪ್ಪು ಜನ ಅಲ್ಲಿ ಖುಷಿಯಾಗಿ ಹಾಡಿಕೊಂಡಿರುತ್ತಾರೆ ಅನ್ನುವ ಹಾಗೆ ಇತ್ತು ಆ ಸಿನಿಮಾ. 2024ರಲ್ಲಿ ಅಮೆರಿಕದಲ್ಲಿ ಅದು ಇದ್ದ ಎರಡೂ ಪಾರ್ಕುಗಳಲ್ಲಿ ಅದೇ ಬೆಟ್ಟ, ಅದೇ ನೀರಿನ ಕಾಲುವೆ, ಅದೇ ಜಾರು ಇಟ್ಟುಕೊಂಡು ಟಿಯಾನಾ ಅನ್ನುವ ಕಪ್ಪು ರಾಜಕುಮಾರಿಯ ಕಥೆ ತಂದರು. ಅಲ್ಲೂ ಸಿಟ್ಟು, ಅರ್ಜಿ, ಜಗಳ ಎಲ್ಲ ಆಯಿತು. ತೋಟದ ಕೂಲಿಯ ನೆನಪು ಇರುವ ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಿಗೆ ಈ ಬದಲಾವಣೆ ಯಾಕೆ ಬೇಕಿತ್ತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇವೆಲ್ಲ ಕೋಟಿಗಟ್ಟಲೆ ಸುರಿಯುವ ಕಂಪನಿಗಳು, ನಮ್ಮ ಜಾತ್ರೆಯವರಿಗೆ ಎಲ್ಲಿ ಆಗುತ್ತೆ ಅಂತ ನೀವು ಕೇಳಬಹುದು. ನಮ್ಮವರಿಗೆ ಇನ್ನೂ ಸುಲಭ ಅಂತ ನಾನು ಹೇಳುತ್ತೇನೆ. ನಮ್ಮ ಆಟಗಳು ಪ್ರತಿ ಊರಲ್ಲೂ ಬಿಚ್ಚಿ ಕಟ್ಟುವಂಥವು. ಸೀಸನ್ ಮುಗಿದ ಮೇಲೆ ಮಳೆಗಾಲದಲ್ಲಿ ಹೇಗೂ ಪೇಂಟು ಹೊಡೆಯುತ್ತಾರೆ. ಗೊಂಬೆಗಳು ಪ್ಲಾಸ್ಟರ್, ಬಟ್ಟೆ, ತಂತಿ. ಒಂದು ಫ್ಲೆಕ್ಸ್, ನಾಲ್ಕು ಡಬ್ಬ ಬಣ್ಣ, ಒಂದು ಹೊಸ ಆಡಿಯೋ. ಹಳಿ ಹಾಗೇ ಇರಲಿ, ಡಬ್ಬಿ ಹಾಗೇ ಇರಲಿ.

ಬದಲಾಗುವುದು ನಮಗೂ ಹೊಸದಲ್ಲ. ಮೊದಲು ಹಾಸನಕ್ಕೆ ಸರ್ಕಸ್ ಬಂತು ಅಂದರೆ ಸಿಂಹ ಬಂತು ಅಂತಲೇ ಅರ್ಥ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಇವನ್ನು ಆಟಕ್ಕೆ ಬಳಸಬಾರದು ಅಂತ ಆದೇಶ ಮಾಡಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2011ರಲ್ಲಿ ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದಕ್ಕೂ ತಡೆ ಬಂತು. ಸರ್ಕಸ್ಸಿನವರಿಗೆ ಕಷ್ಟ ಆಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚಾವಟಿ ಏಟು ತಿಂದು ಬೆಂಕಿ ಬಳೆಯೊಳಗೆ ಹಾರುವ ಹುಲಿಯನ್ನು ಈಗ ನಮ್ಮ ಮಕ್ಕಳಿಗೆ ತೋರಿಸಿದರೆ ಅವರೇ ಬೇಡ ಅನ್ನುತ್ತಾರೆ. ಪ್ರಾಣಿಗಳಿಗೆ ಕೊಟ್ಟ ಗೌರವವನ್ನು ಮನುಷ್ಯರಿಗೆ ಕೊಡೋಕೆ ಇನ್ನೂ ಯಾಕೆ ತಡ?

ಹಳೆಯದನ್ನು ಮುಟ್ಟಬಾರದು ಅನ್ನುವವರು ಬೇಲೂರಿನ ಉದಾಹರಣೆ ಕೊಡುತ್ತಾರೆ. ಆ ಶಿಲ್ಪಗಳಲ್ಲಿ ಬೇಟೆ ಇದೆ, ಯುದ್ಧ ಇದೆ, ಇವತ್ತು ನಾವು ಒಪ್ಪದ ಎಷ್ಟೋ ಸಂಗತಿ ಇವೆ, ಅವನ್ನೂ ಕೆತ್ತಿ ಹಾಕ್ತೀರಾ ಅಂತ. ಇಲ್ಲ. ಚೆನ್ನಕೇಶವ ದೇವಸ್ಥಾನ 1117ರದ್ದು. ಅದು ಆ ಕಾಲದ ದಾಖಲೆ, ಕಲ್ಲಿನಲ್ಲಿ ಇದೆ, ಎಷ್ಟೋ ಶಿಲ್ಪಿಗಳ ಹೆಸರು ಕೂಡ ಅಲ್ಲಿ ಇದೆ. 2023ರಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಅದು ಇದ್ದ ಹಾಗೆ ಇರಲಿ ಅಂತಲೇ. ಜಾತ್ರೆ ಆಟ ವರ್ಷ ವರ್ಷ ಬಣ್ಣ ಹೊಡೆಸಿಕೊಂಡು, ಇವತ್ತಿನ ಮಕ್ಕಳಿಂದ ಇವತ್ತೇ ದುಡ್ಡು ತೆಗೆದುಕೊಂಡು ಓಡುವಂಥದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹಾಗಂತ ಹಳೆಯ ಗೊಂಬೆಗಳ ಗುರುತೇ ಉಳಿಯದ ಹಾಗೆ ಸುಟ್ಟುಹಾಕಿ ಅಂತಲೂ ಹೇಳುವುದಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಫೆರಿಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಜಿಮ್ ಕ್ರೋ ಮ್ಯೂಸಿಯಂ ಇದೆ. ಕಪ್ಪು ಜನರನ್ನು ಹೀನವಾಗಿ ತೋರಿಸಿದ ಗೊಂಬೆ, ಡಬ್ಬಿ, ಪೋಸ್ಟರುಗಳನ್ನು ಸಂಗ್ರಹಿಸಿ, ಇದು ಹೇಗೆ ನಡೆಯಿತು ಅಂತ ಅಲ್ಲಿ ಪಾಠ ಮಾಡುತ್ತಾರೆ. ನಮ್ಮ ಆಟಗಳ ಹಳೇ ಪರದೆ, ಬೋರ್ಡುಗಳ ಫೋಟೋ ತೆಗೆದಿಡಿ. ಬರೆದ ಪೇಂಟರ್ ಯಾರು ಅಂತ ಬರೆದಿಡಿ. ಆ ಪೇಂಟರುಗಳ ಕೈಚಳಕ ದೊಡ್ಡದು, ಅದು ಮರೆತುಹೋಗಬಾರದು. ನೋಡಿ ಕಲಿಯುವುದಕ್ಕೆ ಅದು ಇರಲಿ, ನಗುವುದಕ್ಕೆ ಬೇಡ.

ಭೂತ ಬಂಗಲೆಯ ಬಗ್ಗೆಯೂ ಒಂದು ಮಾತು. ಹೆದರಿಸಲಿ, ಚೆನ್ನಾಗಿಯೇ ಹೆದರಿಸಲಿ. ಮಕ್ಕಳಿಗೆ ಹೆದರಿ ಕಿರುಚಿ ನಗುವುದು ಇಷ್ಟ. ಆದರೆ ನಾನು ನೋಡಿದ ಒಂದರಲ್ಲಿ ಹುಚ್ಚರ ವಾರ್ಡು ಅಂತ ಒಂದು ಕೋಣೆ ಇತ್ತು. ಕೈಗೆ ಸರಪಳಿ, ಹರಿದ ಆಸ್ಪತ್ರೆ ಬಟ್ಟೆ, ಬಾಯಲ್ಲಿ ರಕ್ತ. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರು ನಮ್ಮ ಎಷ್ಟೋ ಮನೆಗಳಲ್ಲಿ ಇದ್ದಾರೆ. ನೆಂಟರಿಗೆ ಗೊತ್ತಾಗದ ಹಾಗೆ ಗುಳಿಗೆ ನುಂಗುತ್ತಾರೆ. ಡಾಕ್ಟರ ಹತ್ತಿರ ಹೋಗೋಕೆ ಹೆದರುವುದು ಇಂಥ ಚಿತ್ರಗಳಿಂದಲೂ. 2016ರಲ್ಲಿ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್ ಪಾರ್ಕಿನಲ್ಲಿ ಮಾನಸಿಕ ಆಸ್ಪತ್ರೆಯ ಕಥೆ ಇಟ್ಟುಕೊಂಡು ಒಂದು ಹೆದರಿಸುವ ಆಟ ತಂದಿದ್ದರು. ರೋಗಿಗಳ ಪರ ಕೆಲಸ ಮಾಡುವವರು, ಮನೆಯವರು ವಿರೋಧಿಸಿದ ಮೇಲೆ ಮೊದಲು ಹೆಸರು ಬದಲಿಸಿದರು, ಆಮೇಲೆ ಆಟವನ್ನೇ ತೆಗೆದರು. ದೆವ್ವ ತೋರಿಸಿ ಹೆದರಿಸಿ, ರೋಗಿಯನ್ನು ತೋರಿಸಿ ಹೆದರಿಸಬೇಡಿ. ಸೀರೆ ಉಟ್ಟು ಚಪ್ಪಾಳೆ ತಟ್ಟುವ ಗೊಂಬೆ ಇಟ್ಟು ಮಂಗಳಮುಖಿಯರನ್ನು ದೆವ್ವ ಮಾಡುವುದೂ ಬೇಡ. ಕುಳ್ಳಗಿರುವವರನ್ನು ಬಾಗಿಲಲ್ಲಿ ನಿಲ್ಲಿಸಿ ತಲೆಗೆ ಮೊಟಕಿಸುವುದೂ ಬೇಡ.

ಬದಲಿಗೆ ಏನು ಇಡೋಣ ಅಂತೀರಾ? ನಮ್ಮಲ್ಲಿ ಏನು ಕಡಿಮೆ ಇದೆ? ರಾತ್ರಿ ಗದ್ದೆ ಬಯಲಲ್ಲಿ ಓಡಾಡುವ ಕೊಳ್ಳಿ ದೆವ್ವದ ಕಥೆ ಕೇಳದ ಮಲೆನಾಡಿನ ಮಗು ಇದೆಯಾ? ಮನೆ ಬಾಗಿಲಿಗೆಲ್ಲ "ನಾಳೆ ಬಾ" ಅಂತ ಬರೆದಿದ್ದು ನಿಮಗೆ ನೆನಪಿಲ್ಲವಾ? ಕತ್ತಲಲ್ಲಿ ಡಬ್ಬಿ ನಿಲ್ಲಲಿ. ಎದುರಿಗೆ ಒಂದು ಹಳೇ ಮರದ ಬಾಗಿಲು. ಅದರ ಮೇಲೆ ಸೀಮೆಸುಣ್ಣದಲ್ಲಿ "ನಾಳೆ ಬಾ". ಆಚೆಯಿಂದ ಅಮ್ಮನ ದನಿಯಲ್ಲಿ ಯಾರೋ ಕರೆಯುತ್ತಾರೆ. ಬಾಗಿಲು ತೆರೆಯುತ್ತಾ ಇಲ್ಲವಾ? ಮೈ ಜುಮ್ಮೆನ್ನುವುದಿಲ್ಲವಾ ಹೇಳಿ. ಯಾವ ಜನಾಂಗವನ್ನೂ ಯಾವ ರೋಗಿಯನ್ನೂ ಮುಟ್ಟದೆ ಇಡೀ ಊರು ಹೆದರುತ್ತದೆ.

ಕಾಡಿನ ರೈಲಿಗೂ ಅಷ್ಟೇ. ಪಶ್ಚಿಮ ಘಟ್ಟ ನಮ್ಮ ಹಿತ್ತಲಲ್ಲೇ ಇದೆ. ಬಿಸಿಲೆ ಕಾಡಿನ ಕತ್ತಲು, ಸಿಳ್ಳೆ ಹೊಡೆಯುವ ಹಕ್ಕಿ, ದೊಡ್ಡ ಕೊಕ್ಕಿನ ಮಂಗಟ್ಟೆ, ತಲೆ ಮೇಲೆ ಜಿಗಿಯುವ ಕೆಂದಳಿಲು, ಕಾಲಿಗೆ ಹತ್ತುವ ಜಿಗಣೆ. ಹಕ್ಕಿಗಳ ಕೂಗನ್ನು ಬಾಯಲ್ಲೇ ತೆಗೆಯಬಲ್ಲ ಹಿರಿಯರು ಹಕ್ಕಿಪಿಕ್ಕಿಗಳಲ್ಲಿ ಇನ್ನೂ ಸಿಗುತ್ತಾರೆ. ಅವರ ದನಿ ರೆಕಾರ್ಡ್ ಮಾಡಿಕೊಳ್ಳಿ, ಅದಕ್ಕೆ ದುಡ್ಡು ಕೊಡಿ, ಬೋರ್ಡಿನ ಮೇಲೆ ಅವರ ಹೆಸರು ಹಾಕಿ. ಅದೇ ರೈಲಿನಲ್ಲಿ ನಮ್ಮ ಮಕ್ಕಳು ಕೂತರೆ ಆ ಹುಡುಗಿ ಇಳಿದ ಮೇಲೆ ಹೇಳುವ ಮಾತೇ ಬೇರೆ ಇರುತ್ತದೆ.

ಹೊರದೇಶದ ಪಟ್ಟಿ ತಂದು ಇಲ್ಲಿ ಅಂಟಿಸಿದರೆ ಕೆಲಸ ಆಗುವುದಿಲ್ಲ, ಯಾಕೆಂದರೆ ನಮಗೆ ನೋವಾಗುವ ಜಾಗಗಳೇ ಬೇರೆ. ಒಂದೇ ಉದಾಹರಣೆ ಕೊಡುತ್ತೇನೆ. ಬೆಂಗಳೂರಿನಲ್ಲಿ ಆನೆ ಗೊಂಬೆ ಸೊಂಡಿಲು ಎತ್ತಿ ಘೀಳಿಟ್ಟರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದವರು ಕಾಡಾನೆ ತುಳಿತಕ್ಕೆ ಸಿಕ್ಕಿ ಸತ್ತಿದ್ದಾರೆ. ಬೆಳಗ್ಗೆ ಆನೆ ಎಲ್ಲಿದೆ ಅಂತ ಮೊಬೈಲ್ ನೋಡಿಕೊಂಡು ಶಾಲೆಗೆ ಹೊರಡುವ ಮಕ್ಕಳು ನಮ್ಮ ಕ್ಲಾಸಿನಲ್ಲಿ ಇದ್ದಾರೆ. ಅಂಥ ಮಗುವಿಗೆ ಕತ್ತಲಲ್ಲಿ ಮನುಷ್ಯನನ್ನು ತುಳಿಯುವ ಆನೆಯ ಗೊಂಬೆ ತೋರಿಸುವುದು ಆಟ ಅಲ್ಲ. ಇದನ್ನು ಯಾವ ಡಿಸ್ನಿಯವರೂ ನಮಗೆ ಹೇಳಿಕೊಡಲಾರರು, ಇಲ್ಲಿಯವರೇ ಕೂತು ನೋಡಬೇಕು.

ಒಂದು ಭಯ ನನಗೂ ಇದೆ, ಮುಚ್ಚಿಡುವುದಿಲ್ಲ. ನೋಡುವ ಅಧಿಕಾರ ಕೊಟ್ಟ ಕೂಡಲೇ ಭಾವನೆಗೆ ಧಕ್ಕೆ ಆಯಿತು ಅಂತ ನಾಲ್ಕು ಜನ ಬಾವುಟ ಹಿಡಿದು ಬರುತ್ತಾರೆ. ಅವರಿಗೆ ಬೇಡವಾದದ್ದನ್ನೆಲ್ಲ ಮುಚ್ಚಿಸುತ್ತಾರೆ. ಬಡ ಆಟದವರ ಹತ್ತಿರ ದುಡ್ಡು ಕೀಳುತ್ತಾರೆ. ಹಾಗಾಗಬಾರದು. ದೊಡ್ಡವರನ್ನು, ಅಧಿಕಾರದಲ್ಲಿ ಇರುವವರನ್ನು, ಜಮೀನ್ದಾರನನ್ನು, ರಾಜಕಾರಣಿಯನ್ನು ಆಟದಲ್ಲಿ ಗೇಲಿ ಮಾಡಿದರೆ ಮಾಡಲಿ, ಅದನ್ನು ತಡೆಯಬೇಡಿ. ನೋಡಬೇಕಾದ್ದು ಇಷ್ಟೇ: ಮೊದಲೇ ಅವಮಾನ ತಿನ್ನುತ್ತಿರುವ, ತಿರುಗಿ ಮಾತಾಡಲು ಶಕ್ತಿ ಇಲ್ಲದ ಜನರನ್ನು ಪ್ರಾಣಿಗಳ ಹಾಗೆ, ದೆವ್ವಗಳ ಹಾಗೆ ತೋರಿಸುತ್ತಿದ್ದಾರಾ? ಆ ಜನರೇ ಬಂದು ನೋಡಿದರೆ ಏನು ಹೇಳುತ್ತಾರೆ?

ಆಟದ ಮಾಲೀಕರೇ, ನಿಮ್ಮ ಕಷ್ಟ ನನಗೆ ಗೊತ್ತು. ಸಾಲ ತಂದು ಆಟ ಕಟ್ಟಿದ್ದೀರಿ, ಮಳೆ ಬಂದರೆ ಒಂದು ವಾರದ ಸಂಪಾದನೆ ಹೋಯಿತು, ಕೆಲಸದ ಹುಡುಗರು ಊರು ಬಿಟ್ಟು ಬಂದವರು, ಡಬ್ಬಿಯ ಹಿಂದೆಯೇ ಅನ್ನ ಬೇಯಿಸಿ ಮಲಗುತ್ತಾರೆ. ನಿಮ್ಮನ್ನು ಕಳ್ಳರ ಹಾಗೆ ಹಿಡಿಯಲಿ ಅಂತ ನಾನು ಬರೆಯುತ್ತಿಲ್ಲ. ಆದರೆ ಆ ಹುಡುಗರನ್ನೇ ಒಮ್ಮೆ ಕೇಳಿ, ಎಲ್ಲಿಯವರು, ಯಾರ ಮನೆಯವರು ಅಂತ. ಎಷ್ಟೋ ಸಲ ಗೊಂಬೆಗೆ ಕಪ್ಪು ಪೇಂಟು ಬಳಿಯುವ ಕೈಯೂ ಅಂಥದ್ದೇ ಊರಿನಿಂದ, ಅಂಥದ್ದೇ 'ಕಾಡುಜನ' ಅಂತ ಹೀಯಾಳಿಸಿಕೊಂಡ ಮನೆಯಿಂದ ಬಂದಿರುತ್ತದೆ.

ಅಧಿಕಾರಿಗಳಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಅನುಮತಿ ಅರ್ಜಿಯ ಜೊತೆ, ಒಳಗೆ ಏನೇನು ದೃಶ್ಯ, ಏನು ಬೋರ್ಡು, ಮೈಕಿನಲ್ಲಿ ಏನು ಕೂಗುತ್ತಾರೆ ಅಂತ ಫೋಟೋ ಸಮೇತ ಒಂದು ಹಾಳೆ ಕೇಳಿ. ಇಂಜಿನಿಯರ್ ಬಂದು ಜೈಂಟ್ ವೀಲ್ ಓಡಿಸಿ ನೋಡುವ ದಿನವೇ ಮೂರ್ನಾಲ್ಕು ಜನ ಆ ಡಬ್ಬಿಯಲ್ಲಿ ಕೂತು ಬರಲಿ: ಆದಿವಾಸಿ ಸಮುದಾಯದವರು ಒಬ್ಬರು, ಒಬ್ಬ ಹೆಂಗಸು, ಅಂಗವಿಕಲರು ಒಬ್ಬರು, ಒಬ್ಬ ಮೇಷ್ಟ್ರು. ಪೊಲೀಸರು ಬೇಡ. ಪಕ್ಷದವರು ಬೇಡ. ಅವರು ಹೇಳಿದ್ದನ್ನು ಬರೆದು ಮಾಲೀಕರ ಕೈಗೆ ಕೊಡಿ. ಬೋರ್ಡು, ಮೈಕಿನ ಮಾತು ಅವತ್ತೇ ಬದಲಾಗಬಹುದು. ಗೊಂಬೆಗಳಿಗೆ ಮುಂದಿನ ಸೀಸನ್‌ವರೆಗೆ ಸಮಯ ಕೊಡಿ. ಬದಲಿಸಿದವರಿಗೆ ಜಾಗದ ಬಾಡಿಗೆಯಲ್ಲಿ ಒಂದಿಷ್ಟು ಬಿಟ್ಟರೆ ಉಳಿದವರೂ ಮುಂದೆ ಬರುತ್ತಾರೆ.

ಡಬ್ಬಿ ಹತ್ತುವ ಕಡೆ ಮೆಟ್ಟಿಲ ಪಕ್ಕ ಒಂದು ಇಳಿಜಾರು ಹಲಗೆ ಹಾಕಿಸಿ ಅಂತಲೂ ಕೇಳುತ್ತೇನೆ. 2022ರಲ್ಲಿ ಡಿಸ್ನಿಲ್ಯಾಂಡಿನವರು ಲೋಕದ ಮಕ್ಕಳ ಗೊಂಬೆಗಳಿರುವ ತಮ್ಮ ಹಳೇ ದೋಣಿ ಆಟಕ್ಕೆ ವೀಲ್‌ಚೇರಿನಲ್ಲಿ ಕೂತ ಗೊಂಬೆಗಳನ್ನು ಸೇರಿಸಿದರು. ನಮ್ಮಲ್ಲಿ ಗೊಂಬೆ ಆಮೇಲೆ ಇರಲಿ, ವೀಲ್‌ಚೇರಿನ ಮಕ್ಕಳು ಮೊದಲು ಒಳಗೆ ಹೋಗುವಂತಾಗಲಿ.

ಹೊಸ ಪರದೆ ಬರೆಯಲು ಚಿತ್ರಕಲೆ ಬಲ್ಲ ಮಕ್ಕಳು ನಮ್ಮ ಶಾಲೆಯಲ್ಲಿ ಇದ್ದಾರೆ, ಡ್ರಾಯಿಂಗ್ ಮೇಷ್ಟ್ರು ಒಪ್ಪಿದ್ದಾರೆ. ಬಣ್ಣ, ಬಟ್ಟೆ ಮಾಲೀಕರು ಕೊಟ್ಟರೆ ಸಾಕು. ಹಾಸನಾಂಬೆಯ ಬಾಗಿಲು ತೆರೆಯುವ ಆಶ್ವಯುಜಕ್ಕೆ ಮೊದಲೇ, ಎಕ್ಸಿಬಿಷನ್ ಜಾಗದ ಹರಾಜಿನ ಷರತ್ತುಗಳಲ್ಲಿ ಈ ಒಂದು ಹಾಳೆಯನ್ನು ಸೇರಿಸಿ ಅಂತ ಕೇಳಿಕೊಳ್ಳುತ್ತೇನೆ. ಸೇರಿಸಲು ಆಗದಿದ್ದರೆ ಯಾಕೆ ಆಗುವುದಿಲ್ಲ ಅಂತ ಬಹಿರಂಗವಾಗಿಯೇ ಉತ್ತರ ಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಬೇಲೂರು ತಾಲ್ಲೂಕಿನ ಒಬ್ಬ ಹೈಸ್ಕೂಲ್ ಶಿಕ್ಷಕಿ